ಉಪ್ಪುಬಿಟ್ಟವರ ಇನ್ನೊಂದು ಮನೆ

ಹುಮನಾಬಾದಿನ ಆ ಮನೆಯ ಪಡಸಾಲೆಯಲ್ಲಿ ಅಂದು ಮಧ್ಯಾಹ್ನ ಊಟಕ್ಕೆ ಕೂತವರು ನಾವು ಮೂವರು: ನನ್ನ ಆಯಿ, ಸೋದರಮಾವ ಮತ್ತು ನಾನು. ಆಯಿ ಎಂದರೆ ತಂದೆಯ ತಾಯಿ. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಹೌದು, ಅಲ್ಲ ಎನ್ನುವ ಮಾತು ಅವಳದೇ ಆಗಿತ್ತು. ಮಾವ ಹಳ್ಳಿಖೇಡದ ಕಬ್ಬಿನ ರೈತ. ಜನ ಕೂತ ಕಡೆ ಒಮ್ಮೆಯಾದರೂ ನಗಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ನಾನು ಬಸವಕಲ್ಯಾಣದ ಒಂದು ಕಚೇರಿಯಲ್ಲಿ ಹೊಸದಾಗಿ ಕಾರಕೂನನಾಗಿದ್ದೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಆಗಿದ್ದರೂ ಕಪಾಟಿನ ಹಳೆಯ ಕಾಗದಗಳೆಲ್ಲ ಇನ್ನೂ ಉರ್ದುವಿನಲ್ಲೇ ಇದ್ದ ಕಾಲ ಅದು. ನಮ್ಮೆದುರು ಕಂಬಕ್ಕೆ ಒರಗಿ ಮನೆಯ ಯಜಮಾನರು ಕೂತಿದ್ದರು. ಅವರಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇತ್ತು. ಅವರ ಹೆಂಡತಿ ಒಳಗಿನಿಂದ ತಂದುಕೊಡುತ್ತಿದ್ದರು, ಮಗಳು ಬಡಿಸುತ್ತಿದ್ದಳು. ಮಗನು ಮಾತ್ರ ನಮ್ಮನ್ನು ಕಂಡು ನಾಚಿಕೊಂಡು, ಎಲೆ ಅಡಿಕೆ ತರುತ್ತೇನೆಂದು ಹೊರಗೆ ಹೋಗಿಬಿಟ್ಟಿದ್ದ.

ಆ ಮಗನಿಗೇ ನನ್ನ ತಂಗಿಯನ್ನು ಕೊಡುವುದೆಂದು ಮಾತಾಗಿತ್ತು. ಅವನು ತನ್ನ ಅಕ್ಕನ ಗಂಡನ ಜೊತೆ ಕಲ್ಯಾಣದ ನಮ್ಮ ಮನೆಗೆ ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದ. ತಂಗಿಯೂ ಒಪ್ಪಿದ್ದಳು, ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವತ್ತಿನಿಂದ ಅಡುಗೆ ಮನೆಯಲ್ಲಿ ಗುಣುಗುಣು ಹಾಡಿಕೊಳ್ಳುತ್ತಿದ್ದಳು. ಈಗ ನಾವು ಹುಡುಗನ ಮನೆ ನೋಡಿ, ಊಟ ಮಾಡಿ, ನಿಶ್ಚಯದ ಸಕ್ಕರೆ ಹಂಚುವ ದಿನ ಗೊತ್ತು ಮಾಡಿಕೊಂಡು ಬರುವುದಷ್ಟೇ ಉಳಿದಿತ್ತು.

ಇಲ್ಲಿ ನಮ್ಮ ಅಡ್ಡಹೆಸರಿನ ವಿಷಯ ಹೇಳಲೇಬೇಕು. ನಾವು ಉಪ್ಪುಬಿಟ್ಟವರು. ನಮ್ಮ ಸೀಮೆಯಲ್ಲಿ ಅಡ್ಡಹೆಸರುಗಳಿಗೇನೂ ಕೊರತೆಯಿಲ್ಲ. ಊರಿನ ಹೆಸರು ಹೊತ್ತವರಿದ್ದಾರೆ, ಕಸುಬಿನ ಹೆಸರು ಹೊತ್ತವರಿದ್ದಾರೆ, ಮುತ್ತಜ್ಜ ಯಾವ ಕಾಲದಲ್ಲೋ ಆಸೆಪಟ್ಟು ತಿಂದ ಕಾಯಿಪಲ್ಯದ ಹೆಸರನ್ನು ಇವತ್ತಿಗೂ ಹೊತ್ತುಕೊಂಡು ತಿರುಗುವವರಿದ್ದಾರೆ. ಆದರೆ ಅವರಿಗೆಲ್ಲ ಅದೇ ಹೆಸರಿನ ಇನ್ನೊಂದು ಮನೆ ಎಲ್ಲಾದರೂ ಇದ್ದೇ ಇರುತ್ತದೆ, ಪಕ್ಕದ ಓಣಿಯಲ್ಲಿ ಇಲ್ಲದಿದ್ದರೆ ಪಕ್ಕದ ತಾಲ್ಲೂಕಿನಲ್ಲಿ. ನಮಗೆ ಇರಲಿಲ್ಲ. ನಾನು ಚಿಕ್ಕಂದಿನಿಂದ ಹುಡುಕಿದವನು. ಹೆದ್ದಾರಿಯಲ್ಲಿ ಹೋಗುವ ಲಾರಿಗಳ ಬಾಗಿಲ ಮೇಲೆ ಬರೆದ ಮಾಲಕರ ಹೆಸರು ಓದುತ್ತಿದ್ದೆ. ಹೈದರಾಬಾದಿಗೆ ಹೋದಾಗ ಅಂಗಡಿಗಳ ಬೋರ್ಡು ಓದಿ ಓದಿ ಕುತ್ತಿಗೆ ನೋವು ಬಂದಿತ್ತು. ಯಾರ ಮನೆಗೆ ಲಗ್ನಪತ್ರಿಕೆ ಬಂದರೂ ವಧುವರರ ಹೆಸರು ಬಿಟ್ಟು ಮೊದಲು ಕೆಳಗಿನ ಆಪ್ತೇಷ್ಟರ ಹೆಸರು ನೋಡುತ್ತಿದ್ದೆ. ಎಲ್ಲೂ ಇಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಹುಡುಗರು ನಕ್ಕು, ಬುತ್ತಿಯ ಗಂಟಿನಿಂದ ಚಿಟಿಕೆ ಉಪ್ಪು ತೆಗೆದು ನನ್ನ ಮುಂದೆ ಹಿಡಿಯುತ್ತಿದ್ದರು.

ಅತ್ತುಕೊಂಡು ಮನೆಗೆ ಬಂದರೆ ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ: "ನಗ್ಲಿ ಬಿಡೋ. ನಮ್ಮ ಹಿರೇರು ನಾಲಿಗಿ ಗೆದ್ದವ್ರು. ದೇವ್ರ ಸಲುವಾಗಿ ಉಪ್ಪು ಬಿಟ್ಟು ಕುಂತಂಥ ಭಕ್ತರು. ಅವ್ರಂಗ ಮತ್ತೊಬ್ರು ಹುಟ್ಲಿಲ್ಲ, ಅದಕ್ಕ ಆ ಹೆಸರು ಮತ್ತೊಬ್ರಿಗಿ ಇಲ್ಲ."

ಆ ಭಕ್ತನ ನೆನಪಿಗೆಂದೇ ವರ್ಷಕ್ಕೊಂದು ದಿನ ನಮ್ಮಲ್ಲಿ ಸಪ್ಪನೆಯ ಅಡುಗೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಸೊಪ್ಪುಕಾಳುಗಳ ಭಜ್ಜಿ, ಅಂಬಲಿ, ಕಡುಬು ಎಂದು ಹೊಟ್ಟೆ ಬಿರಿಯುವಂತೆ ಉಂಡು ಬಂದರೆ ಮರುದಿನ ಉಪ್ಪಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿಬಿಡುತ್ತಿದ್ದರು. ಉಪ್ಪಿನಕಾಯಿ ಇಲ್ಲ, ಚಟ್ನಿ ಹಿಂಡಿ ಇಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಆ ದಿನ ಗೋಡೆಯ ಕಡೆಗೆ ಒಂದು ತಾಟು ಜಾಸ್ತಿ ಇಟ್ಟು, ಎಲ್ಲರಿಗೆ ಬಡಿಸಿದ ಹಾಗೆ ಅದಕ್ಕೂ ಬಡಿಸಿ, ಎಲ್ಲರೂ ಉಂಡು ಎದ್ದ ಮೇಲೆ ಆಕಳಿಗೆ ಹಾಕುತ್ತಿದ್ದರು. ಯಾರಿಗೆ ಎಂದು ಕೇಳಿದರೆ ಹಿರಿಯರಿಗೆ ಎನ್ನುತ್ತಿದ್ದಳು ಆಯಿ. ಯಾವ ಹಿರಿಯರಿಗೆ ಎಂದರೆ, "ನಾ ಈ ಮನಿಗಿ ಬಂದಾಗ ನಮ್ಮತ್ತಿ ಹಚ್ತಿದ್ಳು, ನಾನೂ ಹಚ್ತೀನಿ, ಸುಮ್ನ ಉಣ್ಣು" ಎನ್ನುತ್ತಿದ್ದಳು.

ಇಷ್ಟೆಲ್ಲ ಹೆಮ್ಮೆಯ ಹೆಸರು ತಂಗಿಯ ಮದುವೆಗೆ ಮಾತ್ರ ಅಡ್ಡ ಬಂದಿತ್ತು. ಸಂಬಂಧ ಕೇಳಿಕೊಂಡು ಬಂದವರು ಮೊದಲು ಕೇಳುವ ಮಾತು, ನಿಮ್ಮ ಅಣ್ಣತಮ್ಮಕಿ, ಅಂದರೆ ಅದೇ ಅಡ್ಡಹೆಸರಿನ ದಾಯಾದಿಗಳು, ಎಲ್ಲೆಲ್ಲಿ ಇದ್ದಾರೆ ಎಂದು. ಎಲ್ಲೂ ಇಲ್ಲ ಎಂದರೆ ಅವರ ಮುಖದ ಬಣ್ಣವೇ ಬೇರೆಯಾಗುತ್ತಿತ್ತು. ಕುಲದವರಿಲ್ಲದ ಮನೆ ಎಲ್ಲಿಂದ ಬಂದದ್ದೋ ಏನೋ ಎಂದು ಹಿಂದೆ ಬಂದ ಎರಡು ಸಂಬಂಧ ತಿರುಗಿ ಹೋಗಿದ್ದವು. ಹುಮನಾಬಾದಿನವರು ಮಾತ್ರ ಹಾಗೆ ಕೇಳಲಿಲ್ಲ. ಹುಡುಗಿ ಓದುಬರಹ ಬಲ್ಲವಳು, ಅಣ್ಣನಿಗೆ ನೌಕರಿ ಇದೆ, ಸಾಕು ಎಂದರು. ಊಟಕ್ಕೆ ಕರೆದ ದಿನವೇ ನಮ್ಮನ್ನು ಪೇಚಿಗೆ ಹಾಕಿತು. ಎಳ್ಳಮಾವಾಸ್ಯೆಯ ಮರುದಿನವೇ ಬನ್ನಿ, ಆ ದಿನ ಮನೆಗೆ ಯಾರಾದರೂ ಬಂದರೆ ನಮಗೆ ಒಳ್ಳೆಯದಾಗುತ್ತದೆ ಎಂದು ಹೇಳಿ ಕಳಿಸಿದ್ದರು.

"ಬೀಗರ ಮನ್ಯಾಗ ಮೊದಲ್ನೇ ಊಟ. ಉಪ್ಪು ತಿನ್ನಂಗಿಲ್ಲ ಅಂದ್ರ ಮುನಸ್ಕೋತಾರ, ತಿಂದ್ರ ನಮ್ಮ ನೇಮ ಕೆಡ್ತದ" ಎಂದು ಆಯಿ ಬಸ್ಸಿನುದ್ದಕ್ಕೂ ಪರದಾಡಿದಳು.

ಮಾವ ಹೇಳಿದ: "ನೀ ಉಪಾಸ ಅನ್ನು, ಹುಗ್ಗಿ ಹಾಲಷ್ಟು ತೊಗೋ. ಇವ ಹಲ್ಲು ನೂಸ್ತದ ಅನ್ಲಿ. ನಾ ಏನ್ ನಿಮ್ಮ ಮನೆತನದವ ಅಲ್ಲ, ನಿಮ್ಮಿಬ್ಬರದೂ ಕೂಡಿ ನಾ ಒಬ್ಬನೇ ಉಣ್ತೀನಿ. ಬೀಗರ ಮರ್ಯಾದಿ ಕಾಯೂದು ನನ್ನ ಹೊಟ್ಟಿಗಿ ಬಿಡ್ರಿ."

ಹಾಗೆಯೇ ನಡೆಯಿತು. ನಾನು ಕೆನ್ನೆ ಹಿಡಿದುಕೊಂಡು ಹಾಲಿನ ಬಟ್ಟಲು ಮುಂದಿಟ್ಟುಕೊಂಡೆ. ಆಯಿ ಬೆಲ್ಲದ ಗೋಧಿ ಹುಗ್ಗಿ ಹಾಕಿಸಿಕೊಂಡಳು. ಮಾವ ರೊಟ್ಟಿ ಮುರಿದು ಬದನೆಕಾಯಿ ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟ. ಎರಡನೆಯ ತುತ್ತಿಗೆ ಅವನ ದವಡೆ ನಿಧಾನವಾಯಿತು. ಬೇಳೆಯನ್ನು ಬೆರಳಿನಿಂದ ನೆಕ್ಕಿ ನೋಡಿದ. ಪಾಪ, ಬೀಗತಿಯರು ಗಡಿಬಿಡಿಯಲ್ಲಿ ಮರೆತಿದ್ದಾರೆಂದು ತಿಳಿದು, ಬಹಳ ಮೆತ್ತಗೆ ಕೇಳಿದ: "ತಂಗೀ, ಜರಾ ಉಪ್ಪು ಹಾಕವ್ವ."

ಬಡಿಸುತ್ತಿದ್ದ ಹುಡುಗಿ ಸೌಟು ಹಿಡಿದು ನಿಂತುಬಿಟ್ಟಳು. ತಂದೆಯ ಮುಖ ನೋಡಿದಳು.

"ಮಾಫ್ ಮಾಡ್ರಿ ಬೀಗರ" ಎಂದರು ಯಜಮಾನರು. "ಮೊದ್ಲೇ ಹೇಳಬೇಕಿತ್ತು. ಇವತ್ತ ನಮ್ಮ ಮನ್ಯಾಗ ಉಪ್ಪಿನ ಗಡಿಗಿ ತೆಗ್ಯಂಗಿಲ್ರಿ. ಎಳ್ಳಮಾಸಿ ಮರುದಿನ ಸಪ್ಪನ ಅಡುಗಿ, ಹಿಂದಿನಿಂದ ನಡಕೋತ ಬಂದದ."

ಆಯಿಯ ಕೈ ಹುಗ್ಗಿಯ ಮೇಲೆಯೇ ನಿಂತಿತು. ಅವಳು ತಲೆಯೆತ್ತಿ ಪಡಸಾಲೆಯ ಸುತ್ತ ಕಣ್ಣಾಡಿಸಿದಳು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ಗೋಡೆಯ ಕಡೆಗೆ ಒಂದು ತಾಟು ಇತ್ತು. ರೊಟ್ಟಿ, ಪಲ್ಯ, ಹುಗ್ಗಿ, ಎಲ್ಲ ಬಡಿಸಿತ್ತು. ಅದರ ಮುಂದೆ ಯಾರೂ ಇರಲಿಲ್ಲ. ನಮ್ಮ ಮನೆಯ ತಾಟೇ ನಮಗಿಂತ ಮೊದಲು ಬಸ್ಸು ಹತ್ತಿ ಇಲ್ಲಿಗೆ ಬಂದು ಕೂತಂತೆ ಕಂಡಿತು.

"ಆ ತಾಟು ಯಾರಿಗಿ?" ಎಂದಳು ಆಯಿ.

"ಅದೂ ಹಂಗೇ ರೀ. ಇವತ್ತೊಂದಿನ ಒಂದು ತಾಟು ಜಾಸ್ತಿ ಹಚ್ಚೂದು. ಯಾರಿಗಂತ ನಮ್ಮಪ್ಪಗೂ ಗೊತ್ತಿದ್ದಿಲ್ಲ."

"ನಿಮಗ ಕೊಹಿನೂರದವ್ರು ಅಂತಾರಲ್ಲ. ಅದು ಊರ ಹೆಸರಾಯ್ತು. ಅದಕ್ಕಿಂತ ಹಿಂದಕ ನಿಮ್ಮ ಅಡ್ಡಹೆಸರು ಏನಿತ್ತು?"

"ಏನಿತ್ತೋ ಆಯಿ. ಅಪ್ಪ ಊರು ಬಿಟ್ಟು ಇಲ್ಲಿ ಅಂಗಡಿ ಹಾಕ್ದಾಗ ಊರ ಹೆಸರೇ ಹತ್ತಿಬಿಡ್ತು. ಹಿಂದಿಂದು ಅವ ಹೇಳ್ಲಿಲ್ಲ, ನಾ ಕೇಳ್ಲಿಲ್ಲ."

"ನಾ ಹೇಳ್ಲೇನು?" ಎಂದಳು ಆಯಿ. ಅವಳ ದನಿ ಬಹಳ ಸಣ್ಣದಾಗಿತ್ತು. "ನೀವು ಉಪ್ಪುಬಿಟ್ಟವ್ರು. ಈ ತಾಟು, ಈ ದಿನ, ಈ ಸಪ್ಪನ ಅಡುಗಿ ನಮ್ಮ ಮನ್ಯಾಗೂ ಅದ. ನೀವೂ ನಾವೂ ಅಣ್ಣತಮ್ಮಕಿ ಆದ್ವಿ. ನಿಮ್ಮ ಹುಡುಗ ನನ್ನ ಮೊಮ್ಮಗಳಿಗಿ ಅಣ್ಣ ಆಗ್ತಾನ."

ಒಳಗೆ ಯಜಮಾನರ ಹೆಂಡತಿಯ ಕೈಯಿಂದ ಏನೋ ಜಾರಿ ಬಿದ್ದ ಸದ್ದಾಯಿತು. ನಮ್ಮ ಜನರಲ್ಲಿ ಅಡ್ಡಹೆಸರು ಒಂದಾದರೆ ರಕ್ತ ಒಂದು. ಅಲ್ಲಿಗೆ ಮಾತು ಮುಗಿಯಿತು. ಅಷ್ಟು ವರ್ಷ ಊರೂರು ಹುಡುಕಿದ ನನ್ನ ಹೆಸರಿನ ಇನ್ನೊಂದು ಮನೆ ಸಿಕ್ಕಿತ್ತು, ಸಿಗಬಾರದ ಜಾಗದಲ್ಲಿ. ಹೊರಗಿನಿಂದ ಹುಡುಗ ಎಲೆ ಅಡಿಕೆಯ ಕಟ್ಟು ಹಿಡಿದುಕೊಂಡು ಬಂದು, "ಊಟ ಆಯ್ತೇನ್ರಿ" ಎಂದು ನಕ್ಕ. ಬಡಿಸುತ್ತಿದ್ದ ಹುಡುಗಿ ಸೌಟು ಕೆಳಗಿಟ್ಟು ಒಳಗೆ ಹೋದಳು. ಅವನ ನಗು ಮುಖದ ಮೇಲೆ ಹಾಗೆಯೇ ಒಣಗಿತು. ಮಾವ ಒಬ್ಬನೇ, ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನೋಡುತ್ತ ತನ್ನಷ್ಟಕ್ಕೆ ಅಂದ: "ಉಪ್ಪು ಕೇಳಬಾರದಿತ್ತು ನಾ."

ಸಂಜೆ ಮನೆಗೆ ಬಂದಾಗ ತಂಗಿ ಹೊಸ್ತಿಲಲ್ಲೇ ನಿಂತಿದ್ದಳು. "ಮನಿ ಹ್ಯಾಂಗ ಅದ?" ಎಂದು ಕೇಳಿದಳು. ಆಯಿ ಎಲ್ಲ ಹೇಳಿದಳು. ತಂಗಿ ಗೋಡೆಯ ಕಡೆ ತಿರುಗಿ, "ಹಂಗಾದ್ರ ಆವತ್ತ ಚಾ ಕೊಡುವಾಗ ತೊಗೋ ಅಣ್ಣಾ ಅನಬೇಕಿತ್ತೇನು ನಾ?" ಎಂದಳು. ಹಿತ್ತಲಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನೇ ಮತ್ತೆ ನೆನೆಸಿ ಒಗೆಯತೊಡಗಿದಳು. ಆ ಬಡಿತ ಕತ್ತಲಾಗುವವರೆಗೆ ನಿಲ್ಲಲಿಲ್ಲ.

ಕೆಲವು ದಿನಗಳಾದ ಮೇಲೆ ಹುಮನಾಬಾದಿನ ಯಜಮಾನರು ತಾವೇ ನಮ್ಮ ಮನೆಗೆ ಬಂದರು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಆಯಿಗೆ ಹೇಳಿದರು: "ನನಗ ನಿದ್ದಿ ಹತ್ತವಲ್ದು. ಹುಡುಗ ಅಂಗಡ್ಯಾಗ ತೊಗರಿ ಕೇಳ್ದವ್ರಿಗಿ ಕಡ್ಲಿ ತೂಗಿ ಕೊಡಾಕತ್ತಾನ. ನಮ್ಮ ಸೋದರತ್ತಿ ಒಬ್ಬಾಕಿ ಕೊಹಿನೂರದಾಗ ಅದಾಳ. ಕಣ್ಣು ಹೋಗ್ಯಾವ, ಆದ್ರ ಹಿಂದಿಂದೆಲ್ಲಾ ಬಾಯಾಗ ಅದ. ಕೇಳೂಣು. ರಕ್ತ ಒಂದೇ ಅಂದ್ಳಂದ್ರ ಅಣ್ಣತಮ್ಮರಾಗಿ ಇರೂಣು. ಕೇಳ್ದೇ ಬಿಡೂದು ಬ್ಯಾಡ." ಅವರ ಮೇಲೆ ನನಗೆ ಆಗ ಬಹಳ ಗೌರವ ಬಂತು. ತಂಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

ಕೊಹಿನೂರದಲ್ಲಿ ಆ ಮುದುಕಿ ಅಂಗಳದ ಬಿಸಿಲಿಗೆ ಕಾಲು ಚಾಚಿ ಹತ್ತಿಯ ಬತ್ತಿ ಹೊಸೆಯುತ್ತ ಕೂತಿದ್ದಳು. ಆಯಿ, ಮಾವ, ನಾನು ಕಂಬಳಿಯ ಮೇಲೆ ಕೂತೆವು. ಯಜಮಾನರು ಅವಳ ಕಿವಿಯ ಹತ್ತಿರ ಬಾಗಿ, "ಅತ್ತಿ, ಕಲ್ಯಾಣದಿಂದ ಮಂದಿ ಬಂದಾರ. ಉಪ್ಪುಬಿಟ್ಟವ್ರು ಅಂತ" ಎಂದರು.

ಬತ್ತಿ ಹೊಸೆಯುವ ಕೈ ನಿಂತಿತು. "ಯಾರಂದಿ?"

"ಉಪ್ಪುಬಿಟ್ಟವ್ರು."

"ಅವ್ರು ನಮ್ಮ ಅಂಗಳಕ್ಕ ಬಂದಾರ?" ಎಂದಳು ಮುದುಕಿ. ಕಾಣದ ಕಣ್ಣನ್ನು ನಮ್ಮ ಕಡೆಗೆ ತಿರುಗಿಸಿದಳು. ನನಗೆ ಅಲ್ಲಿಂದ ಎದ್ದು ಹೋಗಬೇಕು ಎನಿಸಿತು.

ಯಜಮಾನರು ಕೇಳಿದರು: "ಅವ್ರೂ ನಾವೂ ಅಣ್ಣತಮ್ಮಕಿ ಹೌದೋ ಅಲ್ಲೋ, ಅಷ್ಟು ಹೇಳತ್ತಿ."

"ಅಣ್ಣತಮ್ಮಕಿ ಯಾರಂದ್ರು? ಅವ್ರ ಮನೆತನ ಬ್ಯಾರೇ, ನಮ್ದು ಬ್ಯಾರೇ. ಹಿಂದಕ ನಾವು ಅವ್ರಿಗಿ ಹೆಣ್ಣು ಕೊಟ್ಟು ತರ್ತಿದ್ವಿ."

ಮಾವನಿಗೆ ಜೀವ ಬಂದಂತಾಯಿತು. ತೊಡೆ ತಟ್ಟಿ, "ಹಂಗಾದ್ರ ಕೆಲ್ಸಾನೇ ಮುಗೀತಲ್ಲ. ಸಕ್ಕರಿ ತರ್ಲೇನು?" ಎಂದ.

"ಸಕ್ಕರಿ ಇರ್ಲಿ. ಮೊದ್ಲ ಉಪ್ಪಿಂದು ಕೇಳ್ರಿ" ಎಂದಳು ಮುದುಕಿ.

ಅವಳು ಹೇಳಿದ್ದು ಅವಳ ಅಜ್ಜಿಯ ಬಾಯಿಂದ ಕೇಳಿದ್ದು. ಕೊಹಿನೂರದ ಒಂದು ಹೊಲದ ಬದುವಿನಲ್ಲಿ ಒಂದು ಬಾವಿ. ಅದರ ನೀರು ಎರಡು ಮನೆಗಳಿಗೆ, ಪಾಳಿಯಂತೆ. ಒಂದು ಮನೆ ಅವರದು, ಇನ್ನೊಂದು ನಮ್ಮದು. ಅವರ ಮನೆಯ ಮಗಳನ್ನು ನಮ್ಮ ಮನೆಯ ಮಗನಿಗೆ ಕೊಟ್ಟಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡಿತು. ಪಾಳಿಯ ಸಲುವಾಗಿ ಭಾವ ಮೈದುನರಲ್ಲಿ ಮಾತಿಗೆ ಮಾತು ಬೆಳೆಯಿತು. ಒಂದು ದಿನ ಅವರ ಮನೆಯ ಮಗ ಹೂಳು ತೆಗೆಯಲು ಹಗ್ಗ ಹಿಡಿದು ಬಾವಿಗೆ ಇಳಿದಿದ್ದ.

"ನಿಮ್ಮವ ಮ್ಯಾಲ ನಿಂತಿದ್ದ" ಎಂದಳು ಮುದುಕಿ, ನನ್ನ ಕಡೆಗೆ ಮುಖ ಮಾಡಿ. ನಾನು ಕೂತ ಜಾಗ ಅವಳಿಗೆ ಹೇಗೆ ತಿಳಿಯಿತೋ. "ಕುಡಗೋಲು ತೊಗೊಂಡು ಹಗ್ಗ ಕೊಯ್ದ."

ಕೊಂದವನು ಊರ ಪಂಚರ ಮುಂದೆ ತಲೆ ತಗ್ಗಿಸಿ ನಿಂತ. ಸತ್ತವನ ಮನೆಯವರು ರಕ್ತಕ್ಕೆ ರಕ್ತ ಎಂದರು. ಪಂಚರು ಅದನ್ನು ತಡೆದು, ಎರಡೂ ಮನೆಯವರ ಕೈಗೆ ಹಿಡಿ ಉಪ್ಪು ಕೊಟ್ಟು ಬಾವಿಗೆ ಹಾಕಿಸಿದರಂತೆ. ಇನ್ನು ಮುಂದೆ ನಿಮ್ಮ ಉಪ್ಪು ನಮಗಿಲ್ಲ, ನಮ್ಮ ಉಪ್ಪು ನಿಮಗಿಲ್ಲ, ತಿಂದ ಬಾಯಿಯ ಮನೆಯಲ್ಲಿ ದೀಪ ಉಳಿಯದಿರಲಿ ಎಂದು ಆಣೆ ಮಾಡಿಸಿದರು. ಆವತ್ತಿನಿಂದ ಊರವರು ಎರಡೂ ಮನೆಗೆ ಇಟ್ಟ ಹೆಸರು ಉಪ್ಪುಬಿಟ್ಟವರು. ನಮ್ಮವರು ಆ ಹೆಸರು ಹೊತ್ತುಕೊಂಡೇ ಕಲ್ಯಾಣಕ್ಕೆ ಹೋದರು. ಇವರು ಹುಮನಾಬಾದಿಗೆ ಹೋಗುವಾಗ ಅದನ್ನು ಊರಲ್ಲೇ ಬಿಟ್ಟು ಹೋದರು.

"ನಡುವ ಸತ್ತಾಕಿ ಆ ಹೆಣ್ಮಗಳು" ಎಂದಳು ಮುದುಕಿ. "ಅಣ್ಣ ಬಾವ್ಯಾಗ. ಕೊಯ್ದವ ಮನ್ಯಾಗ. ತವ್ರಮನ್ಯಾಗ ಒಂದು ತುತ್ತು ಉಣ್ಣಂಗಿಲ್ಲ. ಎಳ್ಳಮಾಸಿಗಿ ಎಲ್ಲಾರ ಹೆಣ್ಮಕ್ಕಳೂ ಬಂದ್ರು. ಮರುದಿನ ಅವ್ವ ಮಗಳ್ನ ಕರೆಸಿ, ಉಪ್ಪು ಹಾಕ್ದೇ ಅಡುಗಿ ಮಾಡಿ ಉಣಿಸಿದ್ಳು. ಆಣಿ ಇದ್ದಿದ್ದು ಉಪ್ಪಿಂದು, ಊಟದ್ದಲ್ಲ ಅಂದ್ಳು. ಇರೂತನಕ ವರ್ಷಾ ಕರೆಸಿದ್ಳು. ಆ ತಾಟು ಆ ಮಗಳಿಂದು. ಅವ್ವ ಸತ್ತ ಮ್ಯಾಲ ಕರ್ಯವ್ರಿಲ್ಲ. ತಾಟಷ್ಟೇ ಉಳೀತು."

"ನಮ್ಮ ಮನ್ಯಾಗೂ ಒಂದು ಹಚ್ತೀವಲ್ಲ" ಎಂದಳು ಆಯಿ.

"ಆಕಿ ಹಚ್ಚಿದ್ದು ಇರ್ಬೇಕು, ಅವ್ವಗ. ಒಂದ್ಸಲ ಬರ್ತಾಳೇನೋ ಅಂತ."

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವರ್ಷ ವರ್ಷವೂ ಆ ತಾಟು ಇಟ್ಟ, ಎತ್ತಿದ ಕೈ ಅವಳದು. ನಾಲಿಗೆ ಗೆದ್ದ ಭಕ್ತನ ಕಥೆಯನ್ನು ನಾನು ಎಷ್ಟು ಜನರ ಮುಂದೆ ಎದೆಯುಬ್ಬಿಸಿ ಹೇಳಿದ್ದೆ. ಕಚೇರಿಯಲ್ಲಿ ಹೇಳಿದ್ದೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರಿಗೂ ಹೇಳಿದ್ದೆ. ಇಷ್ಟು ವರ್ಷ ನಾನು ಸಹಿ ಮಾಡುತ್ತಿದ್ದದ್ದು ಹಗ್ಗ ಕೊಯ್ದವನ ಹೆಸರು.

ಆಗ ಮಾವ ಬಾಯಿಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟ. "ಅದೆಲ್ಲಾ ಆಗ್ಹೋಗಿದ್ದು ಬಿಡ್ರಿ ಬೀಗರ. ಆಣಿ ಎಲ್ಲುಳಿದದ? ನಿಮ್ಮ ಮಗ ಹುಡುಗಿ ನೋಡ್ಲಿಕ್ಕ ಬಂದಾಗ ನಮ್ಮ ಮನ್ಯಾಗ ಎರಡು ತಾಟು ಅವಲಕ್ಕಿ ಚುಡವಾ ತಿಂದು ಹೋಗ್ಯಾನ. ಅದ್ರಾಗ ಉಪ್ಪಿದ್ದಿಲ್ಲೇನು?"

ಯಜಮಾನರ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. "ನನ್ನ ಮಗ ತಿಂದಾನೇನು?" ಎಂದು ಕೇಳಿದರು. ಅವರಿಗಿದ್ದವನು ಒಬ್ಬನೇ ಮಗ. ಅವರು ಎದ್ದು, ಹೆಗಲ ಮೇಲಿನ ವಸ್ತ್ರ ಕೊಡವಿ, ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಬಿಟ್ಟರು. ಅಣ್ಣತಮ್ಮರಾಗಿ ಇರೋಣ ಎಂದು ಬಂದಿದ್ದ ಮನುಷ್ಯ ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ. ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಅವರು ಒಂದು ಬೇವಿನ ಮರದ ಕೆಳಗೆ, ನಾವು ಇನ್ನೊಂದರ ಕೆಳಗೆ ನಿಂತಿದ್ದೆವು.

ಆಮೇಲೆ ಹುಮನಾಬಾದಿನಿಂದ ಸುದ್ದಿಯಿಲ್ಲ. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಆಯಿ ಬೇರೆ ಸಂಬಂಧದ ಮಾತು ತೆಗೆದಾಗೊಮ್ಮೆ ತಂಗಿ ಮೊರ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ದಿನ ಆಯಿಗೆ ರೇಗಿತು. "ಕೊಂದವ್ರ ಮನೀದು ಅಂತ ಗೊತ್ತಾದ ಮ್ಯಾಲ ಅವ ಹ್ಯಾಂಗ ಬರ್ತಾನ? ಆಣಿ ಅಂದ್ರ ಆಣಿ. ಬಿಟ್ಟೇವಿ ಅಂದ ಮ್ಯಾಲ ಬಿಟ್ಟಂಗ."

"ಉಪ್ಪು ಬಿಟ್ಟವ್ರು ಹಿರೇರು" ಎಂದಳು ತಂಗಿ. "ನನ್ನ ಕೇಳಿ ಬಿಟ್ಟಿದ್ದಿಲ್ಲ."

ಆ ವರ್ಷ ಅವಳು ಅಂಗಡಿಯಿಂದ ಉಪ್ಪು ತಂದಾಗ ಗಡಿಗೆಗೆ ಸುರಿಯುವ ಮುಂಚೆ ಬೊಗಸೆಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಎಳ್ಳಮಾವಾಸ್ಯೆ ಮತ್ತೆ ಬಂತು. ಹೊಲಕ್ಕೆ ಹೋದೆವು, ಉಂಡೆವು. ಮರುದಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದರು. ಆಯಿ ತಾಟುಗಳನ್ನಿಟ್ಟು ಗೋಡೆಯ ಕಡೆಗೂ ಒಂದಿಟ್ಟಳು. ನಾನು ಇನ್ನೇನು ಕೂರಬೇಕು, ಬಾಗಿಲಲ್ಲಿ ನೆರಳು ಬಿತ್ತು.

ಹುಮನಾಬಾದಿನ ಯಜಮಾನರು. ಬಸ್ಸಿನ ಧೂಳೆಲ್ಲ ಮೈಮೇಲಿತ್ತು. ಕಾಲಿಗೆ ನೀರು ಕೊಡುವುದೂ ನಮಗೆ ಮರೆತುಹೋಯಿತು. ಮೂವರೂ ಕಂಬಗಳ ಹಾಗೆ ನಿಂತುಬಿಟ್ಟೆವು.

"ಮನ್ಯಾಗ ತಾಟು ಹಚ್ಚಿದ್ರು" ಎಂದರು ಅವರು. "ಕೂಡ್ಲಿಕ್ಕ ಹೋದೆ, ಅದನ್ನ ನೋಡಿದೆ. ತುತ್ತು ಎತ್ತಲಿಕ್ಕಾಗಲಿಲ್ಲ. ಬಸ್ ಹತ್ತಿದೆ."

ಅವರು ಬೇರೆಲ್ಲೂ ನೋಡದೆ ನೇರವಾಗಿ ಗೋಡೆಯ ಕಡೆಯ ತಾಟಿನ ಮುಂದೆ ಹೋಗಿ ಕೂತರು. ಆಯಿ ಬಡಿಸಿದಳು. ಅವರು ರೊಟ್ಟಿ ಉಂಡರು, ಪಲ್ಯ ಉಂಡರು, ಹುಗ್ಗಿ ಉಂಡರು, ತಾಟಿನಲ್ಲಿ ಒಂದು ಅಗುಳೂ ಬಿಡಲಿಲ್ಲ. ಆಕಳಿಗೆ ಆ ದಿನ ಏನೂ ಸಿಗಲಿಲ್ಲ. ಕೈ ತೊಳೆಯುವ ಮುಂಚೆ ತಲೆಯೆತ್ತಿ, ಒಳಬಾಗಿಲಲ್ಲಿ ನಿಂತಿದ್ದ ತಂಗಿಗೆ ಹೇಳಿದರು: "ತಂಗೀ, ಜರಾ ಉಪ್ಪು ತೊಗೊಂಬಾ."

ತಂಗಿ ಆಯಿಯ ಮುಖ ನೋಡಿದಳು.

"ಇವತ್ತ ನಮ್ಮ ಮನ್ಯಾಗ ಗಡಿಗಿ ತೆಗ್ಯಂಗಿಲ್ರಿ" ಎಂದಳು ಆಯಿ. "ನಿಮಗೇ ಗೊತ್ತದ."

ಅವರು ಸ್ವಲ್ಪ ಯೋಚಿಸಿದರು. "ಹೌದಲ್ಲ. ಹಂಗಾದ್ರ ನಾಳಿ ತನಕ ಇರ್ತೀನಿ" ಎಂದರು.

ಇದ್ದರು. ಸಂಜೆ ನನ್ನ ಜೊತೆ ಪೇಟೆಗೆ ಬಂದು ಕಡಲೆಯ ಧಾರಣೆ ಕೇಳಿದರು, ನಮ್ಮ ಊರಿನ ವ್ಯಾಪಾರಿಗಳಿಗೆ ತೂಕ ಹಿಡಿಯಲು ಬರುವುದಿಲ್ಲ ಎಂದು ತಕರಾರು ತೆಗೆದರು. ಪಡಸಾಲೆಯಲ್ಲಿ ಮಲಗಿ ಮನೆ ನಡುಗುವಂತೆ ಗೊರಕೆ ಹೊಡೆದರು. ಬೆಳಿಗ್ಗೆ ಆಯಿ ಗಡಿಗೆಯ ಬಟ್ಟೆ ಬಿಚ್ಚಿದಳು. ತಂಗಿ ಬಿಸಿ ರೊಟ್ಟಿ, ಬೇಳೆ ತಂದಿಟ್ಟು, ತಾಟಿನ ಅಂಚಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ಸ್ವಲ್ಪ ಉಪ್ಪು ಸುತ್ತಲೂ ಚೆಲ್ಲಿತು.

ಅವರು ರೊಟ್ಟಿ ಮುಟ್ಟಲಿಲ್ಲ. ಮೊದಲು ಉಪ್ಪನ್ನೇ ಬೆರಳಿಗೆ ಒತ್ತಿಕೊಂಡು ನಾಲಿಗೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. ನಾವೂ ಉಸಿರು ಹಿಡಿದು ಕೂತಿದ್ದೆವು, ಈಗಲೇ ಏನೋ ಆಗಿಬಿಡುತ್ತದೆ ಎಂಬಂತೆ. ಹೊರಗೆ ಓಣಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

"ಮಗ ತಿಂದುಬಿಟ್ಟಾನ" ಎಂದರು ಅವರು ಕಣ್ಣು ಬಿಟ್ಟು. "ಏನರೆ ಆಗೂದಿದ್ರ ಇಬ್ಬರಿಗೂ ಆಗ್ಲಿ." ಆಮೇಲೆ ರೊಟ್ಟಿ ಮುರಿದರು.

ಆ ಬೇಸಿಗೆಯಲ್ಲಿ ಮದುವೆಯಾಯಿತು. ಲಗ್ನಪತ್ರಿಕೆ ಛಾಪಿಸಲು ಹುಮನಾಬಾದಿನ ಒಬ್ಬ ಸಾಹೇಬರ ಛಾಪಖಾನೆಗೆ ಅವರೂ ನಾನೂ ಕೂಡಿಯೇ ಹೋದೆವು. ಅವರು ತಮ್ಮ ಹೆಸರಿನ ಮುಂದೆ ಊರಿನ ಹೆಸರು ಹೊಡೆದುಹಾಕಿ ಹಳೆಯ ಹೆಸರು ಬರೆಸಿದರು. ಛಾಪಖಾನೆಯವರು ಕನ್ನಡಕ ಏರಿಸಿ ಓದಿ, ಗಾಬರಿಯಾಗಿ, "ಸೇಠಜೀ, ಎರಡೂ ಕಡೀಗಿ ಒಂದೇ ಅಡ್ಡಹೆಸರು ಬಿದ್ದದ. ಗಲತ್ ಆಗ್ಯದ ನೋಡ್ರಿ" ಎಂದರು. "ಗಲತ್ ಆಗಿದ್ದು ಹಿಂದಕ. ನೀವು ಬರ್ದಂಗ ಛಾಪಿಸ್ರಿ" ಎಂದರು ಇವರು. ಪತ್ರಿಕೆ ಓದಿದವರೆಲ್ಲ ಒಂದು ಸಲ ಬೆಚ್ಚಿಬಿದ್ದು, ಅಣ್ಣ ತಂಗಿಗೆ ಮದುವೆಯೇ ಎಂದು ಮನೆಯತನಕ ಕೇಳಿಕೊಂಡು ಬಂದರು. ಬಂದವರಿಗೆಲ್ಲ ಮಾವ ಆ ಕಥೆಯನ್ನು ಬಾವಿಯಿಂದ ಹಿಡಿದು ಚುಡವಾದವರೆಗೆ ಹೇಳಿದ, ಕೊನೆಗೆ ಗಂಟಲು ಬಿದ್ದುಹೋಯಿತು.

ಮುಂದಿನ ಎಳ್ಳಮಾವಾಸ್ಯೆಯ ಮರುದಿನ ತಂಗಿ ತವರಿಗೆ ಬಂದಳು. ಗೋಡೆಯ ಕಡೆಯ ತಾಟಿನ ಮುಂದೆ ಕೂತಳು. ಪಲ್ಯ ಸಪ್ಪಗಿದೆ ಎಂದು ಆಯಿಯನ್ನು ಆಡಿಕೊಂಡು, ಎರಡು ಸಲ ಹಾಕಿಸಿಕೊಂಡು ಉಂಡಳು.